ಮೊದಲು ಪೆಟ್ಟಿಗೆ, ಆಮೇಲೆ ಫಲಕ

ಕನ್ನಡಕ್ಕಾಗಿ ಏನಾದರೂ ಮಾಡಬೇಕೆಂಬ ಸದಿಚ್ಛೆಯುಳ್ಳವರು ಗಡಿನಾಡಿನಲ್ಲಿ ಕಡಿಮೆಯಿಲ್ಲ. ಆದರೆ ಹತ್ತು ಜನ ಸೇರಿದೊಡನೆ ಮೊದಲು ಏಳುವ ಪ್ರಶ್ನೆ, ಅಧ್ಯಕ್ಷರು ಯಾರು, ಉದ್ಘಾಟನೆಗೆ ಯಾರನ್ನು ಕರೆಯುವುದು ಎಂಬುದು. ಕೆಲಸದ ಮಾತು ಬರುವುದು ಚಹಾ ಆದ ಮೇಲೆ. ಅಷ್ಟರಲ್ಲಿ ಕಡೆಯ ಬಸ್ಸಿಗೆ ಹೊತ್ತಾಗಿರುತ್ತದೆ. ಕಾಸರಗೋಡಿನ ಓದುಗರಿಗೂ ಇದು ಅಪರಿಚಿತ ದೃಶ್ಯವಾಗಿರಲಾರದು.

ನಾನಿರುವುದು ಮಹಾರಾಷ್ಟ್ರದ ಉಮರ್ಗಾ ಕಡೆಯ ಗಡಿಯಲ್ಲಿ. 1956ರ ನವೆಂಬರ್ 1ರಂದು ಕಾಸರಗೋಡನ್ನು ಕೇರಳಕ್ಕೆ ಸೇರಿಸಿದ ಅದೇ ಕಾಯ್ದೆ, ಬೀದರ ಜಿಲ್ಲೆಯ ಉದಗೀರ, ನಿಲಂಗಾ, ಅಹಮದಪುರ ತಾಲೂಕುಗಳನ್ನು ಅಂದಿನ ಮುಂಬಯಿ ರಾಜ್ಯಕ್ಕೆ ಸೇರಿಸಿತು. ಅಲ್ಲಿ ಮರಾಠಿ ಮಾತಾಡುವವರೇ ಹೆಚ್ಚಾಗಿದ್ದುದು ನಿಜ. ಆದ್ದರಿಂದ ನಿಮ್ಮ ಪ್ರಕರಣವೂ ನಮ್ಮದೂ ಒಂದೇ ಎಂದು ವಾದಿಸಲಾರೆ. ಆದರೂ ಮನೆಯೊಳಗೊಂದು ಭಾಷೆ, ಹೊಸ್ತಿಲು ದಾಟಿದರೆ ಇನ್ನೊಂದು ಎಂಬ ಪರಿಸ್ಥಿತಿ ಎರಡೂ ಕಡೆಯ ಸಂಸಾರಗಳದ್ದು.

ಕೆಲವು ವರ್ಷಗಳ ಹಿಂದೆ ನಾವು ಕೆಲವರು ಸೇರಿ ಮಕ್ಕಳಿಗಾಗಿ ವಾಚನಾಲಯವೊಂದನ್ನು ತೆರೆಯಲು ಹೊರಟೆವು. ಲೆಟರ್‌ಹೆಡ್ ಅಚ್ಚಾಯಿತು, ರಬ್ಬರ್ ಸ್ಟ್ಯಾಂಪ್ ಬಂತು, ಫಲಕ ಬರೆಸಿದೆವು, ಶಾಲು-ಹಾರಗಳಾದವು. ಪುಸ್ತಕ ಕೊಳ್ಳುವ ಹೊತ್ತಿಗೆ ಹಣ ಮುಗಿದಿತ್ತು. ನಾಲ್ಕೇ ತಿಂಗಳಲ್ಲಿ ಬೀಗ ಬಿತ್ತು. ತಪ್ಪು ಹೆಚ್ಚಿನದು ನನ್ನದೇ. ಕಾರ್ಯದರ್ಶಿ ಎಂದು ಹೆಸರು ಹಾಕಿಸಿಕೊಂಡವನು ನಾನು. ಟಿ.ಸಿ.ಎಚ್.ನಲ್ಲಿ ಪಾಠಯೋಜನೆ ಬರೆಯಲು ಕಲಿತಿದ್ದವನಿಗೆ ಒಂದು ಸಣ್ಣ ಕೆಲಸದ ಯೋಜನೆ ಬರೆಯಲು ಬರಲಿಲ್ಲ.

ಎರಡನೆಯ ಸಲ ಯಾರಿಗೂ ಹೇಳಲಿಲ್ಲ. ಮನೆಯಲ್ಲಿ ಕನ್ನಡ ಆಡುತ್ತ ಮರಾಠಿ ಶಾಲೆಗೆ ಹೋಗುವ ಮಕ್ಕಳು ನಮ್ಮ ಓಣಿಯ ಆಸುಪಾಸಿನಲ್ಲಿ ಎಷ್ಟಿವೆ ಎಂದು ಎಣಿಸಿದೆ: ಹನ್ನೊಂದು. ಯಾವ ಹೊತ್ತು ಅನುಕೂಲವೆಂದು ತಾಯಂದಿರನ್ನು ಕೇಳಿದೆ. ಒಂದು ವರ್ಷದ ಖರ್ಚು ನನ್ನ ಜೇಬಿಗೆ ತಾಳುವಷ್ಟೇ ಇರಲಿ ಎಂದು ಮಿತಿ ಹಾಕಿಕೊಂಡೆ. ಒಂದು ತಗಡಿನ ಟ್ರಂಕು, ನಲವತ್ತು ಪುಸ್ತಕ (ಭಾರತ-ಭಾರತಿ ಮಾಲೆ, ನೆಹರೂ ಬಾಲ ಪುಸ್ತಕಾಲಯದಂಥ ತೆಳುವಾದವು), ಒಂದು ನೋಟ್‌ಬುಕ್ಕು, ಐತವಾರ ಸಂಜೆ ಒಂದು ತಾಸು. ಜಾಗ ನಮ್ಮ ಪಡಸಾಲೆ. ಏನು ಕಲಿಸಬೇಕೆಂಬುದನ್ನು ಓಣಿಯ ಅಜ್ಜಿಯೊಬ್ಬರು ತೀರ್ಮಾನಿಸಿಬಿಟ್ಟರು: "ಗುರುಜೀ, ನನ್ನ ಮೊಮ್ಮಗ ಆಳಂದ ಬಸ್ಸಿನ ಬೋರ್ಡು ಓದಬೇಕ್ರಿ, ತವರುಮನಿ ಲಗ್ನಪತ್ರಿಕಾ ನನಗ ಓದಿ ಹೇಳಬೇಕ್ರಿ. ಅಷ್ಟ ಸಾಕು."

ಕಲಿಸಲು ಕೂತಾಗಲೇ ತೊಡಕು ತಿಳಿದದ್ದು. ಮರಾಠಿ ಬರವಣಿಗೆಯಲ್ಲಿ ಹ್ರಸ್ವ ಎಕಾರ, ಒಕಾರಗಳಿಗೆ ಬೇರೆ ಚಿಹ್ನೆಯಿಲ್ಲ. ಬಾಯಲ್ಲಿ ಸರಿಯಾಗಿ 'ಬೆಲ್ಲ' ಎನ್ನುವ ಹುಡುಗ ಹಾಳೆಯ ಮೇಲೆ 'ಬೇಲ್ಲ' ಬರೆಯುತ್ತಾನೆ, ಕೊಡೆ 'ಕೋಡೆ'ಯಾಗುತ್ತದೆ. ಮಲಯಾಳದಲ್ಲಿ ಎರಡೂ ಇರುವುದರಿಂದ ಈ ಒಂದು ಕಷ್ಟ ನಿಮ್ಮ ಮಕ್ಕಳಿಗಿಲ್ಲ. ನಾವು ಎರಡು ತಿಂಗಳು ಇದರಲ್ಲೇ ಕಳೆದೆವು. ಸಮಿತಿ ಮಾಡಿ ಪಠ್ಯಕ್ರಮ ಬರೆದಿದ್ದರೆ ಇದು ಹೊಳೆಯುತ್ತಿತ್ತೋ ಇಲ್ಲವೋ!

ಉದಗೀರದಿಂದ ಬೀದರಕ್ಕೆ ಹೋಗುವ ರೈಲುದಾರಿಯಲ್ಲಿ ಭಾಲ್ಕಿ ಸಿಗುತ್ತದೆ. ಅಲ್ಲಿನ ಹಿರೇಮಠದ ಚನ್ನಬಸವ ಪಟ್ಟದ್ದೇವರು ನಿಜಾಮನ ಆಳ್ವಿಕೆಯಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಸಂಗತಿ ಈ ಸೀಮೆಯಲ್ಲಿ ಮನೆಮಾತು. ಅವರು ಫಲಕ ಬಿಟ್ಟುಕೊಟ್ಟು ಪಾಠ ಉಳಿಸಿಕೊಂಡರು. ನಾವು ಫಲಕ ಬರೆಸಿ ಪಾಠವನ್ನೇ ಮರೆತಿದ್ದೆವು.

ಸಂವಿಧಾನದ 350ಎ ವಿಧಿಯಂತೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕಾದುದು ರಾಜ್ಯದ ಹೊಣೆ. ಅದನ್ನು ನೀವೇಕೆ ಹೊರುತ್ತೀರಿ ಎಂದು ಮಿತ್ರರು ಆಕ್ಷೇಪಿಸುತ್ತಾರೆ. ಹಕ್ಕನ್ನು ಕೇಳಲೇಬೇಕು, ಅರ್ಜಿ ಬರೆಯಲೇಬೇಕು. ಆದರೆ ಅರ್ಜಿಗೆ ಉತ್ತರ ಬರುವವರೆಗೆ ನಾಲ್ಕನೆಯ ಇಯತ್ತೆಯ ಹುಡುಗ ನಾಲ್ಕರಲ್ಲೇ ಕೂತಿರುವುದಿಲ್ಲ.

ಈ ಜೂನ್‌ನಲ್ಲಿ ಟ್ರಂಕಿನ ಕೀಲಿಯನ್ನು ಓಣಿಯ ಕಾಲೇಜು ಹುಡುಗಿಯೊಬ್ಬಳಿಗೆ ಕೊಟ್ಟಿದ್ದೇನೆ. ಎರಡು ಐತವಾರ ನಾನು ಊರಲ್ಲಿರಲಿಲ್ಲ, ತರಗತಿ ನಡೆದಿದೆ. ನೋಟ್‌ಬುಕ್ಕಿನ ಪ್ರಕಾರ ಆರು ಪುಸ್ತಕ ಹಿಂತಿರುಗಿಲ್ಲ. ಎರಡು ಆ ಅಜ್ಜಿಯ ಮನೆಯಲ್ಲಿವೆ. ಮೊಮ್ಮಗ ದಿನಾ ರಾತ್ರಿ ಓದಿ ಹೇಳುತ್ತಾನಂತೆ, ಮುಗಿಯುವವರೆಗೆ ಕೊಡುವುದಿಲ್ಲವೆಂದು ಹೇಳಿ ಕಳಿಸಿದ್ದಾರೆ.