ಸೂರ್ಯಕಾಂತಿಯ ಲೆಕ್ಕ

ಸೂರ್ಯಕಾಂತಿಯ ತೆನೆಯಲ್ಲಿ ಸುರುಳಿಯಾಗಿ ಸಾಗುವ ಕಾಳಿನ ಸಾಲುಗಳನ್ನು ಎಣಿಸಿ ನೋಡಿರಿ. ಒಂದು ದಿಕ್ಕಿಗೆ 34 ಇದ್ದರೆ ಎದುರು ದಿಕ್ಕಿಗೆ ಬಹುಮಟ್ಟಿಗೆ 55 ಇರುತ್ತವೆ. 1, 2, 3, 5, 8, 13, 21, 34, 55: ಹಿಂದಿನ ಎರಡನ್ನು ಕೂಡಿಸಿದರೆ ಮುಂದಿನದು. ಈ ಶ್ರೇಣಿಗೆ ಇಟಲಿಯ ಫಿಬೊನಾಚಿಯ ಹೆಸರು ನಿಂತಿದೆ. ಆತನ ಗ್ರಂಥ 1202ರದು. ಅದಕ್ಕೂ ಮೊದಲೇ ನಮ್ಮ ಛಂದಶ್ಶಾಸ್ತ್ರಜ್ಞರಾದ ವಿರಹಾಂಕ, ಹೇಮಚಂದ್ರರು ಇದನ್ನು ಬಲ್ಲವರಾಗಿದ್ದರು. ಒಂದು ಮಾತ್ರೆಯ ಲಘು, ಎರಡು ಮಾತ್ರೆಯ ಗುರು. ಇವುಗಳಿಂದ ನಾಲ್ಕು ಮಾತ್ರೆಗಳನ್ನು ತುಂಬಲು ಐದು ಬಗೆ, ಐದನ್ನು ತುಂಬಲು ಎಂಟು ಬಗೆ.

ಹೂವಿನಲ್ಲಿ ಕಾರಣ ಬೇರೆ. ಹೊಸ ಕಿರುಹೂವು ಹಿಂದಿನದರಿಂದ ಸುಮಾರು 137.5 ಡಿಗ್ರಿ ತಿರುಗಿ ಮೂಡುವುದರಿಂದ ಕಾಳುಗಳು ತೆರಪಿಲ್ಲದೆ ಒತ್ತಾಗಿ ಕೂಡುತ್ತವೆ. ಇಷ್ಟಕ್ಕೇ ಸೃಷ್ಟಿಯೆಲ್ಲವೂ ಇದೇ ಲೆಕ್ಕದಂತೆ ನಡೆಯುತ್ತದೆಂದು ಸಾರುವವರುಂಟು. ಅವರು ದಾಸವಾಳದ ಐದು ಎಸಳುಗಳನ್ನು ತೋರಿಸುತ್ತಾರೆ. ಸಾಸಿವೆ ಹೂವಿಗಿರುವುದು ನಾಲ್ಕೇ.