ಆಯ್ಕೆ ಯಾರದು ಸ್ವಾಮಿ?

ಕಾಲೇಜಿನ ಅರ್ಜಿ ಫಾರಂನಲ್ಲಿ ಒಂದು ಕಾಲಂ ಇರುತ್ತದೆ: ‘ಐಚ್ಛಿಕ ವಿಷಯಗಳು’. ಇಚ್ಛೆಯಿಂದ ಆರಿಸಿಕೊಂಡದ್ದು ಐಚ್ಛಿಕ ಅಂತ ನಿಘಂಟು ಹೇಳುತ್ತದೆ. ಯಾರ ಇಚ್ಛೆ ಅನ್ನೋದನ್ನ ಮಾತ್ರ ಹೇಳೋದಿಲ್ಲ.

ನಾನು ಹಳ್ಳಿಯೊಂದರ ಸರ್ಕಾರಿ ಪ್ರೌಢಶಾಲೆಯ ಮೇಷ್ಟ್ರು. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ ಮಕ್ಕಳು ಈ ಫಾರಂ ಹಿಡಿದುಕೊಂಡು ನನ್ನ ಹತ್ತಿರ ಬರ್ತಾರೆ. ಕೆಲವು ವರ್ಷಗಳ ಹಿಂದೆ ನಮ್ಮ ಕೇರಿಯ ಹುಡುಗಿಯೊಬ್ಬಳು ಅಪ್ಪನ ಜೊತೆ ಬಂದಳು. ಗಣಿತದಲ್ಲಿ ಇಡೀ ತರಗತಿಗೆ ಅವಳೇ ಮುಂದು. ಅಪ್ಪ ಕೂಲಿ ಮಾಡೋನು. ಒಳಗೆ ಬಾ ಅಂದರೂ ಬಾಗಿಲ ಆಚೆಯೇ ನಿಂತ. ‘ಸೈನ್ಸ್ ತಗೋತೀನಿ ಸಾ’ ಅಂದಳು ಹುಡುಗಿ. ನಾನು ಅವಳಪ್ಪನ ಮುಖ ನೋಡಿದೆ. ತಾಲ್ಲೂಕು ಕೇಂದ್ರಕ್ಕೆ ಹೋಗೋ ಬಸ್ಸು ನೆನಪಾಯಿತು, ಟ್ಯೂಷನ್ ಫೀಜು ನೆನಪಾಯಿತು. ‘ಕಷ್ಟ ಆಗ್ತದೆ ಕಣವ್ವ, ಆರ್ಟ್ಸ್ ತಗೊ’ ಅಂದೆ. ನನ್ನ ಪೆನ್ನಿನಲ್ಲೇ ಬರೆದೆ: ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ. ಅಪ್ಪ ಕೈ ಮುಗಿದ.

ನಾನೂ ಅದೇ ಕೇರಿಯವನು. ಈ ವ್ಯವಸ್ಥೆ ತನ್ನ ಗುಮಾಸ್ತರಿಂದ ಮಾಡಿಸಬೇಕಾಗಿದ್ದ ಕೆಲಸವನ್ನು ನಾನೇ ಮಾಡಿಕೊಟ್ಟೆ. ಅದೂ ಪ್ರೀತಿಯಿಂದ. ಅದಕ್ಕೇ ಈ ಮಾತುಗಳನ್ನು ಬರೆಯುತ್ತಿದ್ದೇನೆ. ಇದು ಆ ಹುಡುಗಿಗೆ ನಾನು ಒಪ್ಪಿಸಬೇಕಾದ ಲೆಕ್ಕ.

ಇದೇನು ಹೊಸ ಕತೆಯಲ್ಲ. ಹೈಸ್ಕೂಲಿನಲ್ಲಿದ್ದಾಗ ಅಂಬೇಡ್ಕರ್ ಸಂಸ್ಕೃತ ಓದಬೇಕೆಂದು ಆಸೆಪಟ್ಟರು. ಅಸ್ಪೃಶ್ಯರ ಹುಡುಗನಿಗೆ ಸಂಸ್ಕೃತ ಹೇಳಿಕೊಡೋದಿಲ್ಲ ಅಂದರು ಪಂಡಿತರು. ವಿಧಿಯಿಲ್ಲದೆ ಅವರು ಪರ್ಷಿಯನ್ ತೆಗೆದುಕೊಳ್ಳಬೇಕಾಯಿತು. 1907ರಲ್ಲಿ ಬೊಂಬಾಯಿಯ ಎಲ್ಫಿನ್‌ಸ್ಟನ್ ಹೈಸ್ಕೂಲಿನಿಂದ ಮೆಟ್ರಿಕ್ ಪಾಸಾದ ಆ ಹುಡುಗನ ದಾಖಲೆ ನೋಡಿದವರು ‘ಈತ ಪರ್ಷಿಯನ್ ಆರಿಸಿಕೊಂಡ’ ಅಂತಲೇ ಓದಿಯಾರು. ದಾಖಲೆಯ ಭಾಷೆಯೇ ಹಾಗೆ. ತಳ್ಳಿದ ಕೈ ಅದರಲ್ಲಿ ಕಾಣೋದಿಲ್ಲ. ಮುಂದೆ ಅವರು ಸ್ವಂತ ಪ್ರಯತ್ನದಿಂದ ಸಂಸ್ಕೃತ ಕಲಿತದ್ದು, 1946ರಲ್ಲಿ ಶೂದ್ರರು ಯಾರು ಎಂಬ ಪ್ರಶ್ನೆ ಹಿಡಿದು ವೇದಗಳನ್ನೇ ಕಟಕಟೆಗೆ ಎಳೆದದ್ದು ಬೇರೆ ಮಾತು. ಎಲ್ಲ ಹುಡುಗರೂ ಅಂಬೇಡ್ಕರ್ ಆಗಲಿ, ಆಗ ನೋಡೋಣ ಅನ್ನೋದು ನ್ಯಾಯ ಅಲ್ಲ.

ಅದೇ ಸಂಸ್ಕೃತ ಮುಂದೆ ಏನಾಯಿತು ನೋಡಿ. ನಮ್ಮ ಕಿವಿಗೆ ಬಿದ್ದರೆ ಕಾದ ಸೀಸ ಹೊಯ್ಯಬೇಕು ಅನ್ನುತ್ತಿದ್ದ ದೇವಭಾಷೆ, ಈ ನಮ್ಮ ಕರ್ನಾಟಕದಲ್ಲೇ ಹೈಸ್ಕೂಲಿಗೆ ಬಂದು ಅಂಕ ಹಿಂಡುವ ಹಸುವಾಯಿತು. ಪ್ರಥಮ ಭಾಷೆಗೆ 125 ಅಂಕ. ಸುಲಭವಾಗಿ ಅಂಕ ಬೀಳುತ್ತದೆ ಅಂತ ಪೇಟೆಯ ಜಾಣ ಮಕ್ಕಳು ಕನ್ನಡ ಬಿಟ್ಟು ಅತ್ತ ಹೋದರು. 1980ರಲ್ಲಿ ಗೋಕಾಕ್ ಸಮಿತಿ ಕೂತದ್ದು, 1981ರಲ್ಲಿ ವರದಿ ಬಂದದ್ದು, 1982ರಲ್ಲಿ ಜನ ಬೀದಿಗೆ ಇಳಿದದ್ದು ಪ್ರಥಮ ಭಾಷೆ ಯಾವುದು ಅನ್ನೋ ಪ್ರಶ್ನೆಯ ಮೇಲೇ. ನಮ್ಮ ಹಳ್ಳಿ ಶಾಲೆಯ ಮಕ್ಕಳಿಗೆ ಆ ಜಗಳದಲ್ಲಿ ಆಯ್ಕೆಯೇ ಇರಲಿಲ್ಲ. ಸಂಸ್ಕೃತದ ಮೇಷ್ಟ್ರು ಅಲ್ಲಿಗೆ ಬರಲೇ ಇಲ್ಲವಲ್ಲ! ಪವಿತ್ರವಾಗಿದ್ದಾಗ ನಮಗೆ ನಿಷಿದ್ಧ, ಲಾಭದ್ದಾದಾಗ ನಮಗೆ ದೂರ.

ಇನ್ನು ವಿಜ್ಞಾನದ ವಿಷಯ. ಹತ್ತನೇ ತರಗತಿಯವರೆಗೆ ಎಲ್ಲ ಮಕ್ಕಳೂ ಗಣಿತ, ವಿಜ್ಞಾನ ಓದಲೇಬೇಕು, ಅಲ್ಲಿವರೆಗೆ ಯಾರನ್ನೂ ವಿಂಗಡಿಸಬಾರದು ಎಂದು 1964-66ರ ಕೊಠಾರಿ ಆಯೋಗ ಹೇಳಿತು. ಒಳ್ಳೆ ಮಾತು. ಆದರೆ ಹತ್ತು ವರ್ಷ ಒಂದೇ ಪಂಕ್ತಿಯಲ್ಲಿ ಕೂರಿಸಿ ಹನ್ನೊಂದನೇ ವರ್ಷ ಪಂಕ್ತಿಭೇದ ಮಾಡಿದರೆ ಏನು ಬಂತು? ಹದಿನಾರು ವರ್ಷದ ಮಗು ಒಂದು ದಿನದಲ್ಲಿ ಗುರುತು ಹಾಕುವ ಆ ಕಾಲಂ ಒಂದೇ ಕಡೆಗೆ ತೆರೆಯೋ ಬಾಗಿಲು. ಪಿಸಿಎಂಬಿ ಓದಿದವನು ನಾಳೆ ಮನಸ್ಸು ಬದಲಾದರೆ ಬಿ.ಎ. ಸೇರಬಹುದು, ಕಾನೂನು ಓದಬಹುದು, ಕೆಎಎಸ್ ಬರೆಯಬಹುದು. ಹೆಚ್‌ಇಪಿಎಸ್ ಓದಿದವಳು ಮನಸ್ಸು ಬದಲಾಯಿಸಿದರೆ ಎಂಜಿನಿಯರಿಂಗ್ ಇಲ್ಲ, ವೈದ್ಯಕೀಯ ಇಲ್ಲ, ಬಿ.ಎಸ್ಸಿ. ಕೂಡ ಇಲ್ಲ. ಈ ಮಾತನ್ನು ಎಷ್ಟು ಮಂದಿ ಮೇಷ್ಟರುಗಳು ಫಾರಂ ತುಂಬಿಸುವ ಮೊದಲು ಮಗುವಿಗೆ ಹೇಳಿದ್ದೇವೆ? ನಾನು ಹೇಳಿರಲಿಲ್ಲ.

ಅವಳು ಹಟ ಹಿಡಿದು ಸೈನ್ಸ್ ಅಂದಿದ್ದರೆ ಏನಾಗುತ್ತಿತ್ತು? ಎಷ್ಟೋ ಹೋಬಳಿಗಳ ಸರ್ಕಾರಿ ಪಿಯು ಕಾಲೇಜಿನಲ್ಲಿ ವಿಜ್ಞಾನ ವಿಭಾಗವೇ ಇಲ್ಲ. ಇದ್ದ ಕಡೆ ಉಪನ್ಯಾಸಕರಿಲ್ಲ. ಅವರಿದ್ದ ಕಡೆ ಲ್ಯಾಬಿಗೆ ಬೀಗ. ಇವೆಲ್ಲ ದಾಟಿದರೆ ಹತ್ತು ವರ್ಷ ಕನ್ನಡದಲ್ಲಿ ಬೆಳಕು, ಬಲ, ಆಮ್ಲ ಅಂತ ಕಲಿತ ಮಗುವಿನ ಮುಂದೆ ರಾತ್ರೋರಾತ್ರಿ ಇಂಗ್ಲಿಷಿನ ಗೋಡೆ. ಆ ಗೋಡೆ ಹತ್ತೋ ಏಣಿಯನ್ನು ಟ್ಯೂಷನ್ ಅಂಗಡಿಯವರು ಮಾರುತ್ತಾರೆ. ದುಡ್ಡಿದ್ದವನು ಹತ್ತುತ್ತಾನೆ. ಬಿದ್ದವಳಿಗೆ ಒಂದು ಹಣೆಪಟ್ಟಿ ಸಿದ್ಧವಾಗಿರುತ್ತದೆ: ‘ಅವರಿಗೆ ಸೈನ್ಸ್ ಹತ್ತೋದಿಲ್ಲ ಕಣ್ರಿ.’

‘ಆಸಕ್ತಿ ಇರಬೇಕಲ್ರಿ, ಯೋಗ್ಯತೆ ಇರಬೇಕಲ್ರಿ’ ಅನ್ನುವ ಮಹನೀಯರಿಗೆ ಒಂದೇ ಪ್ರಶ್ನೆ. ಯೋಗ್ಯತೆ ಅನ್ನೋದು ಬಸ್ ರೂಟ್ ನೋಡಿಕೊಂಡು ಹುಟ್ಟುತ್ತದೆಯೆ? ಆಸಕ್ತಿ ಅನ್ನೋದು ಜಾತಿ ಸರ್ಟಿಫಿಕೇಟ್ ಕೇಳಿ ಬರುತ್ತದೆಯೆ?

ಈಗ ಇನ್ನೊಂದು ಆಯ್ಕೆ ತಂದಿದ್ದಾರೆ, ವೃತ್ತಿ ಶಿಕ್ಷಣ. ಕೆಲವು ಸರ್ಕಾರಿ ಪ್ರೌಢಶಾಲೆಗಳಲ್ಲಿ ಒಂಬತ್ತನೇ ತರಗತಿಯಿಂದಲೇ ರೀಟೇಲ್, ಆಟೊಮೊಬೈಲ್, ಬ್ಯೂಟಿ ಅಂಡ್ ವೆಲ್‌ನೆಸ್. ಕೈಕೆಲಸವನ್ನು ನಾವು ಕೀಳಾಗಿ ಕಾಣೋದಿಲ್ಲ. ಈ ದೇಶವನ್ನು ಕಟ್ಟಿದ್ದೇ ನಮ್ಮ ಕೈಗಳು. ಆದರೆ ಇತಿಹಾಸ ನೆನಪಿರಲಿ. 1953ರಲ್ಲಿ ಮದ್ರಾಸ್ ರಾಜ್ಯದಲ್ಲಿ ರಾಜಾಜಿಯವರು ಒಂದು ಯೋಜನೆ ತಂದರು. ಹಳ್ಳಿಯ ಮಕ್ಕಳಿಗೆ ಅರ್ಧ ದಿನ ಶಾಲೆ, ಉಳಿದ ಹೊತ್ತು ಅಪ್ಪನ ಕಸುಬು. ದಕ್ಷಿಣ ಕನ್ನಡ ಆಗ ಆ ರಾಜ್ಯದಲ್ಲೇ ಇತ್ತು. ಕ್ಷೌರಿಕನ ಮಗ ಕ್ಷೌರಿಕ, ಚಮ್ಮಾರನ ಮಗ ಚಮ್ಮಾರ. ಪೆರಿಯಾರ್ ಮತ್ತು ದ್ರಾವಿಡ ಚಳವಳಿಯವರು ಇದು ಕುಲಕಸುಬಿನ ಶಿಕ್ಷಣ ಎಂದು ಎದ್ದು ನಿಂತರು. 1954ರಲ್ಲಿ ರಾಜಾಜಿ ಕುರ್ಚಿ ಬಿಟ್ಟರು, ಕಾಮರಾಜ್ ಬಂದು ಯೋಜನೆಯನ್ನು ಕಿತ್ತು ಹಾಕಿದರು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕಲೆ-ವಿಜ್ಞಾನದ ನಡುವೆ, ಓದು-ಕಸುಬಿನ ನಡುವೆ ಗೋಡೆ ಇರಬಾರದು ಅನ್ನುತ್ತದೆ. ಸರಿ ಸ್ವಾಮಿ, ಗೋಡೆ ಒಡೆಯೋಣ. ಮೊದಲು ಲಕ್ಷಗಟ್ಟಲೆ ಫೀಜಿನ ಶಾಲೆಯ ಮಕ್ಕಳು ಕಾರಿನ ಕೆಳಗೆ ಮಲಗಿ ಗ್ರೀಸ್ ಹಚ್ಚಲಿ. ಮೊದಲು ಅವರು ಇನ್ನೊಬ್ಬರ ಕಾಲಿನ ಉಗುರು ಕತ್ತರಿಸಲಿ. ನಮ್ಮ ಮಕ್ಕಳು ಅವರ ಪಕ್ಕ ಕೂತು ಕಲಿಯುತ್ತಾರೆ, ಜೊತೆಗೆ ಭೌತಶಾಸ್ತ್ರವನ್ನೂ ಕಲಿಯುತ್ತಾರೆ. ಅವರ ಮಕ್ಕಳಿಗೆ ಇಲ್ಲದ ವೃತ್ತಿ ಶಿಕ್ಷಣ ನಮ್ಮ ಮಕ್ಕಳಿಗೆ ಮಾತ್ರ ಬಂದರೆ ಅದನ್ನು ಶಿಕ್ಷಣ ಅನ್ನೋದಿಲ್ಲ, ಜೀತದ ಹೊಸ ಹೆಸರು ಅಂತೀವಿ.

ಇಷ್ಟು ಹೇಳಿದ್ದಕ್ಕೆ ನಾನು ಕಲಾ ವಿಭಾಗದ ವಿರೋಧಿ ಅಂದುಕೊಳ್ಳಬೇಡಿ. ಅಂಬೇಡ್ಕರ್ ಓದಿದ್ದು ಅರ್ಥಶಾಸ್ತ್ರ. 1923ರ ಅವರ ರೂಪಾಯಿ ಸಮಸ್ಯೆಯ ಗ್ರಂಥದಲ್ಲಿ ಬೆಳ್ಳಿ, ಬಂಗಾರ, ವಿನಿಮಯದ ಅಂಕಿಅಂಶಗಳು ತುಂಬಿವೆ. ಲೆಕ್ಕ ಗೊತ್ತಿಲ್ಲದವರು ಬರೆಯೋ ಪುಸ್ತಕ ಅಲ್ಲ ಅದು. ನಾವು ಇವತ್ತು ನಮ್ಮ ಮಕ್ಕಳಿಗೆ ಕೊಡುತ್ತಿರುವ ಆರ್ಟ್ಸ್ ಯಾವುದು? ಗಣಿತ ಕಿತ್ತುಕೊಂಡ ಅರ್ಥಶಾಸ್ತ್ರ, ಗೈಡು ಉರುಹೊಡೆಯೋ ಇತಿಹಾಸ. ‘ಬೇರೇನೂ ಬರದವರಿಗೆ ಇದು’ ಅಂತ ಒಂದು ವಿದ್ಯೆಯನ್ನು ತಿಪ್ಪೆ ಮಾಡಿ, ಆ ತಿಪ್ಪೆಗೆ ನಮ್ಮ ಮಕ್ಕಳನ್ನು ತಳ್ಳಿದ್ದಾರೆ. ಇದು ವಿದ್ಯೆಗೂ ಅವಮಾನ, ಮಕ್ಕಳಿಗೂ ಅವಮಾನ. ಇತಿಹಾಸ ಬೇಕು ಅಂತ ಇತಿಹಾಸ ತೆಗೆದುಕೊಳ್ಳುವ ದಲಿತ ಹುಡುಗನ ಕೈ ಕುಲುಕುತ್ತೇನೆ. ಸೈನ್ಸ್ ಸಿಗಲಿಲ್ಲ ಅಂತ ಇತಿಹಾಸಕ್ಕೆ ಬಂದವನ ಪರವಾಗಿ ಜಗಳ ಮಾಡುತ್ತೇನೆ.

ನಮ್ಮವರಿಗೂ ಒಂದು ಮಾತಿದೆ. ಮೀಸಲಾತಿಯಿಂದ ನೌಕರಿ ಹಿಡಿದು ಪೇಟೆ ಸೇರಿದ ನಾವು ನಮ್ಮ ಸ್ವಂತ ಮಕ್ಕಳಿಗೆ ಕೇಳದೆಯೇ ಪಿಸಿಎಂಬಿ ಕೊಡಿಸಿದ್ದೇವೆ. ಕೇರಿಯಲ್ಲಿ ಉಳಿದ ತಮ್ಮನ ಮಗಳಿಗೆ ಕೇಳದೆಯೇ ಆರ್ಟ್ಸ್ ಬರೆದಿದ್ದೇವೆ. ಸಭೆಯಲ್ಲಿ ಮನುಧರ್ಮ ಸುಡುವ ಕೈ ಫಾರಂ ತುಂಬುವಾಗ ಮನುವಿನ ಕೈಯಾದರೆ ಯಾರನ್ನು ಬಯ್ಯೋಣ?

ಆದ್ದರಿಂದ ಗೆಳೆಯರೇ, ಜೂನ್ ತಿಂಗಳನ್ನು ಚಳವಳಿಯ ತಿಂಗಳು ಮಾಡಿ. ಪ್ರತಿ ಸರ್ಕಾರಿ ಪಿಯು ಕಾಲೇಜಿನಲ್ಲಿ ವಿಜ್ಞಾನ ವಿಭಾಗ, ಉಪನ್ಯಾಸಕರು, ಬೀಗವಿಲ್ಲದ ಲ್ಯಾಬು ಕೇಳಿ. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿಗೆ ಮೊದಲ ತಿಂಗಳುಗಳಲ್ಲಿ ಎರಡೂ ಭಾಷೆಯಲ್ಲಿ ಪಾಠ ಕೇಳಿ. ಹಾಸ್ಟೆಲಿನಲ್ಲಿ ಅನ್ನದ ಜೊತೆ ಸಂಜೆ ಗಣಿತದ ಮೇಷ್ಟ್ರನ್ನು ಕೇಳಿ. ಹಳ್ಳಿಗಾಡಿನ ಕಲಾ ವಿಭಾಗದಲ್ಲೂ ಸಂಖ್ಯಾಶಾಸ್ತ್ರ ಸಿಗಲಿ ಅಂತ ಕೇಳಿ. ಮೇಷ್ಟ್ರುಗಳೇ, ಒಂಬತ್ತನೇ ತರಗತಿಯಿಂದಲೇ ಯಾವ ಬಾಗಿಲು ಎಲ್ಲಿಗೆ ತೆರೆಯುತ್ತದೆ, ಯಾವುದು ಮುಚ್ಚುತ್ತದೆ ಅಂತ ಬೋರ್ಡಿನ ಮೇಲೆ ಬರೆದು ಹೇಳಿ. ಆಮೇಲೆ ಸುಮ್ಮನಿರಿ. ಆರಿಸೋದು ಮಗು.

ಆ ಹುಡುಗಿ ಬಿ.ಎ. ಮುಗಿಸಿದಳು. ಈಗ ಬೆಂಗಳೂರಿನ ಗಾರ್ಮೆಂಟ್ಸ್ ಒಂದರಲ್ಲಿ ದಿನಕ್ಕೆ ಎಷ್ಟು ಪೀಸ್ ಆಯಿತು ಅಂತ ಎಣಿಸೋ ಕೆಲಸ. ಲೆಕ್ಕ ಒಂದೂ ತಪ್ಪೋದಿಲ್ಲವಂತೆ. ಅವಳ ತಂಗಿ ಈ ಸಾರಿ ಹತ್ತನೇ ತರಗತಿ, ನಮ್ಮ ಶಾಲೆಯಲ್ಲೇ. ಅವಳೂ ಫಾರಂ ತರುತ್ತಾಳೆ. ಅವಳಪ್ಪನನ್ನು ಒಳಗೆ ಕರೆದು ಕುರ್ಚಿಯ ಮೇಲೆ ಕೂರಿಸುತ್ತೇನೆ. ಪೆನ್ನು ಮಾತ್ರ ಅವಳ ಕೈಯಲ್ಲಿ.