ಒಬ್ಬಳ ಮೇಲೆ ಹೊರಿಸಿದ ವೈಯಾವೃತ್ಯ

ವೈಯಾವೃತ್ಯದ ಮಹಿಮೆಯನ್ನು ಕೊಂಡಾಡದ ಧರ್ಮಸಭೆ ಜೈನ ಸಮಾಜದಲ್ಲಿ ವಿರಳ. ಆರು ಅಂತರಂಗ ತಪಸ್ಸುಗಳಲ್ಲಿ ಅದೂ ಒಂದೆಂಬುದನ್ನು ಪಾಠಶಾಲೆಯ ಮಕ್ಕಳೂ ಹೇಳಬಲ್ಲರು. ಆದರೆ ಮನೆಯ ಹಿರಿಯರೊಬ್ಬರು ಹಾಸಿಗೆ ಹಿಡಿದು, ಇನ್ನು ಗುಣವಾಗುವ ಆಸೆಯಿಲ್ಲವೆಂದು ವೈದ್ಯರು ಕೈಚೆಲ್ಲಿದ ಮೇಲೆ ಆ ತಪಸ್ಸು ಯಾರ ಪಾಲಿಗೆ ಬರುತ್ತದೆ? ಮನೆಯಲ್ಲಿ ನರ್ಸಿಂಗ್ ಓದುವ ಹುಡುಗಿಯೊಬ್ಬಳಿದ್ದರೆ ಉತ್ತರಕ್ಕೆ ತಡಕಾಡಬೇಕಾಗಿಲ್ಲ.

ಮೂಡುಬಿದಿರೆಯ ಆಸುಪಾಸಿನ ಒಂದು ಮನೆಯನ್ನು ನೆನೆದುಕೊಳ್ಳಬಹುದು. ಅಜ್ಜಿಗೆ ಜಠರದ ಕ್ಯಾನ್ಸರ್. ಮೊಮ್ಮಗಳು ಮಂಗಳೂರಿನಲ್ಲಿ ಬಿ.ಎಸ್ಸಿ. ನರ್ಸಿಂಗ್ ಮೂರನೆಯ ವರ್ಷದಲ್ಲಿದ್ದಾಳೆ. ವಾರವಿಡೀ ವಾರ್ಡಿನಲ್ಲಿ ರೋಗಿಗಳ ಸೇವೆ, ಸಂಜೆ ತರಗತಿಯ ಬರೆಹ, ನಡುನಡುವೆ ರಾತ್ರಿ ಪಾಳಿ. ಶನಿವಾರ ಸಂಜೆ ಬಸ್ಸಿಳಿದು ಮನೆಯ ಮೆಟ್ಟಿಲೇರಿದ ಕೂಡಲೇ ಅಜ್ಜಿಯ ಕೋಣೆಯಲ್ಲಿದ್ದವರೆಲ್ಲ ಎದ್ದು ಹೊರಬರುತ್ತಾರೆ. "ಇನ್ನು ನೀನಿದ್ದೀಯಲ್ಲ ಮಗಾ" ಎಂದು ದೊಡ್ಡಮ್ಮ ನಿಟ್ಟುಸಿರು ಬಿಡುತ್ತಾರೆ. ಸೋಮವಾರ ಮತ್ತೆ ವಾರ್ಡಿಗೆ ಹೋದರೆ ಮಧ್ಯಾಹ್ನದೊಳಗೆ ನಾಲ್ಕು ಬಾರಿ ಫೋನು: ಹೊಟ್ಟೆ ಉಬ್ಬಿದೆ, ಯಾವ ಮಾತ್ರೆ ಕೊಡಬೇಕು? ಔಷಧವನ್ನು ಗೊತ್ತುಮಾಡುವ ಅಧಿಕಾರ ವಿದ್ಯಾರ್ಥಿನಿಗೆ ಇಲ್ಲ ಎಂಬುದು ಕೇಳುವವರಿಗೆ ತಿಳಿಯದ ಸಂಗತಿಯೇನಲ್ಲ. ವೈದ್ಯರಲ್ಲಿಗೆ ಹೋಗಿ ಕಾಯುವುದಕ್ಕಿಂತ ಅವಳನ್ನು ಕೇಳುವುದು ಸುಲಭ, ಅಷ್ಟೆ.

ಅದೇ ಮನೆಯ ಮೊಮ್ಮಗನೊಬ್ಬ ಎಂಜಿನಿಯರಿಂಗ್ ಓದುತ್ತಿದ್ದಾನೆ. ಪರೀಕ್ಷೆ ಮುಗಿಯುವವರೆಗೆ ಅಜ್ಜಿಯ ಸ್ಥಿತಿಯನ್ನು ಅವನಿಗೆ ತಿಳಿಸಬಾರದೆಂದು ಹಿರಿಯರು ನಿಶ್ಚಯಿಸಿದ್ದಾರೆ. ಅವನ ಮನಸ್ಸು ಕೆಡಬಾರದಂತೆ! ಅವಳ ಪರೀಕ್ಷೆಯೂ ಪರೀಕ್ಷೆಯೇ ಎಂಬುದು ಯಾರಿಗೂ ಹೊಳೆದಂತಿಲ್ಲ. ಭಾರತೀಯ ನರ್ಸಿಂಗ್ ಪರಿಷತ್ತಿನ ನಿಯಮದಂತೆ ಪರೀಕ್ಷೆಗೆ ಕೂರಲು ಶೇಕಡಾ 80ರಷ್ಟು ಹಾಜರಾತಿ ಬೇಕು. ಪದವಿ ಕೈಸೇರುವ ಮೊದಲು ಪ್ರಾಯೋಗಿಕ ತರಬೇತಿಯಲ್ಲಿ ಶೇಕಡಾ 100 ಪೂರ್ಣವಾಗಿರಬೇಕು. ತಪ್ಪಿಸಿಕೊಂಡ ಪ್ರತಿಯೊಂದು ದಿನವನ್ನೂ ಅವಳು ಮುಂದೆ ತುಂಬಿಕೊಡಲೇಬೇಕು.

ಈ ಭಾರದಲ್ಲಿ ಅವಳು ಒಮ್ಮೆ ಬಿಕ್ಕಿ ಅತ್ತರೆ ಉಪದೇಶ ಸಿದ್ಧವಾಗಿರುತ್ತದೆ: ಅಳಬಾರದು, ಅದು ಆರ್ತಧ್ಯಾನ. ಇಷ್ಟವಿಯೋಗದ ಚಿಂತೆ ಆರ್ತಧ್ಯಾನವೆಂಬುದು ನಿಜ. ಆದರೆ ಅದು ಅವಿರತರಿಗೂ ದೇಶವಿರತರಿಗೂ ಇರುವಂತೆ ಪ್ರಮತ್ತಸಂಯತರಾದ ಮುನಿಗಳಿಗೂ ಉಂಟಾಗಬಲ್ಲದೆಂದು ತತ್ತ್ವಾರ್ಥಸೂತ್ರವೇ ಹೇಳುತ್ತದೆ. ಆರನೆಯ ಗುಣಸ್ಥಾನದವರನ್ನೂ ಬಿಡದ ದುಃಖವನ್ನು ಇಪ್ಪತ್ತರ ಹುಡುಗಿ ಗೆಲ್ಲಬೇಕೆಂದು, ತಾವು ವರಾಂಡದಲ್ಲಿ ಕುಳಿತು ಅಡಿಕೆಯ ಧಾರಣೆ ಮಾತಾಡುತ್ತಿರುವವರು ವಿಧಿಸುವುದು ಎಂಥ ಧರ್ಮ? ದಿನವಿಡೀ ಪರರ ಮರಣವನ್ನು ಕಂಡು, ಮನೆಗೆ ಬಂದು ತನ್ನವರ ಮರಣವನ್ನು ಕಾಯುವವಳಿಗೆ ನಿದ್ರೆ ಬಾರದಿದ್ದರೆ, ಓದಿದ್ದು ತಲೆಗೆ ಹತ್ತದಿದ್ದರೆ ಅದು ಅವಳ ದೌರ್ಬಲ್ಯವಲ್ಲ.

ಅದೇ ಗ್ರಂಥದ ಒಂಬತ್ತನೆಯ ಅಧ್ಯಾಯದಲ್ಲಿ ವೈಯಾವೃತ್ಯಕ್ಕೆ ಪಾತ್ರರಾದ ಹತ್ತು ಬಗೆಯವರನ್ನು ಎಣಿಸಲಾಗಿದೆ. ಅದರಲ್ಲಿ ರೋಗಪೀಡಿತನಾದ ಗ್ಲಾನನಿದ್ದಾನೆ. ಅವನಿಗಿಂತ ಒಂದು ಸ್ಥಾನ ಮೊದಲೇ ಶೈಕ್ಷನಿದ್ದಾನೆ, ಅಂದರೆ ಕಲಿಯುತ್ತಿರುವವನು. ಅಲ್ಲಿ ಉದ್ದಿಷ್ಟರು ಮುನಿಗಳೆಂಬ ಆಕ್ಷೇಪವನ್ನು ಒಪ್ಪೋಣ. ಆದರೆ ಗ್ಲಾನನ ಸೇವೆಯನ್ನು ಗೃಹಸ್ಥರ ಮನೆಗೆ ಅನ್ವಯಿಸುವವರು ಪಕ್ಕದ ಪದವನ್ನು ಮಾತ್ರ ಕಾಡಿನಲ್ಲಿ ಬಿಟ್ಟುಬರುವುದು ನ್ಯಾಯವಲ್ಲ. ಅಜ್ಜಿ ಗ್ಲಾನಳಾದರೆ ಮೊಮ್ಮಗಳು ಶೈಕ್ಷಳು. ಇಬ್ಬರಿಗೂ ಸೇವೆ ಸಲ್ಲಬೇಕು.

ಭಗವತೀ ಆರಾಧನೆಯ ವ್ಯವಸ್ಥೆಯಂತೂ ಇನ್ನೂ ಸ್ಪಷ್ಟ. ಸಲ್ಲೇಖನವನ್ನು ಸ್ವೀಕರಿಸಿದ ಒಬ್ಬ ಕ್ಷಪಕನಿಗೆ 48 ಮಂದಿ ನಿರ್ಯಾಪಕರು. ಹಿಡಿದು ನಡೆಸುವವರು, ಧರ್ಮಕಥೆ ಹೇಳುವವರು, ಬಾಗಿಲು ಕಾಯುವವರು ಎಂದು ನಾಲ್ಕು ನಾಲ್ಕು ಜನರಿಗೆ ಬೇರೆ ಬೇರೆ ಕೆಲಸ. ಕಾಲ ಕೆಟ್ಟಿದ್ದರೆ ಸಂಖ್ಯೆಯನ್ನು ಇಳಿಸಬಹುದು. ಆದರೆ ಇಬ್ಬರಿಗಿಂತ ಕಡಿಮೆಯಾಗಬಾರದು. ಒಬ್ಬನೇ ಆದರೆ ಅವನೂ ಕೆಡುತ್ತಾನೆ, ಕ್ಷಪಕನೂ ಕೆಡುತ್ತಾನೆ ಎಂದು ಶಿವಾರ್ಯರು ಎಚ್ಚರಿಸಿದ್ದಾರೆ. ಸರ್ವಸಂಗ ಪರಿತ್ಯಾಗಿಯಾದ ಮುನಿಗೇ ಒಬ್ಬಂಟಿ ಸೇವೆ ನಿಷಿದ್ಧವಾಗಿರುವಾಗ ಈ ಮನೆಗಳಲ್ಲಿ ಅದನ್ನು ವಿದ್ಯಾರ್ಥಿನಿಗೆ ವಿಧಿಸಲಾಗುತ್ತಿದೆ.

"ಅಜ್ಜಿ ಎತ್ತಿ ಆಡಿಸಿದ ಮಗು, ಅವಳ ಋಣವಿಲ್ಲವೇ?" ಎಂದು ಕೇಳುವವರಿದ್ದಾರೆ. ಋಣವಿದೆ. ಆದರೆ ಅಜ್ಜಿ ಹೆತ್ತು ಸಾಕಿದ ಮಕ್ಕಳ ಖಾತೆಯಲ್ಲಿರುವ ಋಣ ಅದಕ್ಕಿಂತ ದೊಡ್ಡದು. ಅದನ್ನು ಮೊಮ್ಮಗಳ ಖಾತೆಗೆ ವರ್ಗಾಯಿಸಲು ಬರುವುದಿಲ್ಲ. ಮಲಗಿದಲ್ಲೇ ಇರುವ ರೋಗಿಗೆ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ದಿನಕ್ಕೆ 12 ಬಾರಿ. ಮನೆಯಲ್ಲಿ ಆರು ಮಂದಿ ದೊಡ್ಡವರಿದ್ದರೆ ತಲೆಗೆ ಎರಡು ಸರದಿ. ಹಾಸಿಗೆಯ ಬಟ್ಟೆ ಬದಲಿಸುವುದಕ್ಕೂ ಬಾಯಿ ಒದ್ದೆ ಮಾಡುವುದಕ್ಕೂ ಪದವಿ ಬೇಕಾಗಿಲ್ಲ. ಹೇಗೆಂದು ಒಂದು ಭಾನುವಾರ ಅವಳು ತೋರಿಸಿಕೊಡಲಿ. ಉಳಿದ ಭಾನುವಾರಗಳಲ್ಲಿ ಮೊಮ್ಮಗಳಾಗಿ ಅಜ್ಜಿಯ ಕೈಹಿಡಿದು ಕುಳಿತಿರಲಿ, ಅಳುವುದಿದ್ದರೆ ಅಳಲಿ. ಇನ್ನೊಂದು ಸಂಗತಿ ಅವಳೇ ಮಾಡಬೇಕಾದದ್ದು: ಮನೆಯ ಪರಿಸ್ಥಿತಿಯನ್ನು ಕಾಲೇಜಿನ ಅಧ್ಯಾಪಕಿಯರಿಗೆ ತಿಳಿಸುವುದು. ನಾಚಿಕೆಯಿಂದ ಮುಚ್ಚಿಟ್ಟರೆ ರಜೆಯನ್ನೂ ಪಾಳಿಯನ್ನೂ ಹೊಂದಿಸಿಕೊಡುವವರಿಗೆ ದಾರಿಯಿರುವುದಿಲ್ಲ.

ಬಸದಿಗಳ ಟ್ರಸ್ಟುಗಳು ಇದು ಮನೆಯೊಳಗಿನ ವಿಷಯವೆಂದು ಜಾರಿಕೊಳ್ಳುವಂತಿಲ್ಲ. 2018ರ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕದಲ್ಲಿ ಸ್ವಯಂಸೇವಕರು ಸರದಿಯಂತೆ ದುಡಿದದ್ದನ್ನು ಸಮಾಜ ಕಂಡಿದೆ. ಸರದಿ ಕಟ್ಟುವ ವಿದ್ಯೆ ಬಾರದೆನ್ನಲು ಸಾಧ್ಯವಿಲ್ಲ. ನೆರೆಯ ಕಲ್ಲಿಕೋಟೆಯಲ್ಲಿ 1993ರಲ್ಲಿ ಆರಂಭವಾದ ಉಪಶಮನ ಚಿಕಿತ್ಸೆಯ ಕಾರ್ಯ ಕೇರಳದಾದ್ಯಂತ ಹರಡಿದ್ದು ನೆರೆಹೊರೆಯ ಸಾಮಾನ್ಯ ಜನರು ತರಬೇತಿ ಪಡೆದು ರೋಗಿಗಳ ಮನೆಗೆ ಹೋಗತೊಡಗಿದ್ದರಿಂದ. ಬೆಂಗಳೂರಿನ ಕರುಣಾಶ್ರಯ ಕೊನೆಗಾಲದ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುತ್ತದೆ. ಪಂಚಕಲ್ಯಾಣಕ್ಕೆ ಲಕ್ಷಗಳನ್ನು ಕೂಡಿಸುವ ಟ್ರಸ್ಟು ಹತ್ತು ಮಂದಿ ಶ್ರಾವಕ ಶ್ರಾವಿಕೆಯರಿಗೆ ಇಂಥ ತರಬೇತಿ ಕೊಡಿಸುವುದು, ಇಲ್ಲದವರ ಮನೆಗೆ ರಾತ್ರಿಯ ಆಳಿನ ಸಂಬಳ ಭರಿಸುವುದು ಅಸಾಧ್ಯವಲ್ಲ. ಬಸದಿಯ ಫಲಕದಲ್ಲಿ ಪೂಜೆಯ ಸರದಿಯವರ ಹೆಸರುಗಳಿರುತ್ತವೆ. ಅದರ ಪಕ್ಕದಲ್ಲಿ ಊರಿನ ಗ್ಲಾನರ ಮನೆಗಳಿಗೆ ಹೋಗುವವರ ಸರದಿಯನ್ನೂ ಮುಂದಿನ ಚಾತುರ್ಮಾಸದೊಳಗೆ ಬರೆಸಲಿ. ಮೊದಲ ವಾರದಲ್ಲಿ ಟ್ರಸ್ಟಿನ ಪದಾಧಿಕಾರಿಗಳ ಹೆಸರುಗಳೇ ಇರಲಿ, ರಾತ್ರಿಯ ಹೊತ್ತಿಗೆ.